ಕಲ್ಯಾಣದ ನೆಲಕ್ಕೆ ಬಂದ ಕಾರ್ಖಾನೆ, ನಮ್ಮ ಮನೆಗೆ ಬರಬೇಕಾದ ಕಾಯಕ

ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ನೆನೆದಾಗಲೆಲ್ಲ ನಮ್ಮ ಕಣ್ಣ ಮುಂದೆ ಮೊದಲು ನಿಲ್ಲುವುದು ಅನುಭವ ಮಂಟಪ. ಅಲ್ಲಿ ಕುಳಿತು ಶಿವಾನುಭವ ನಡೆಸಿದ ಶರಣರ ಹೆಸರುಗಳನ್ನು ನಾವು ಭಕ್ತಿಯಿಂದ ಹೇಳುತ್ತೇವೆ. ಆ ಹೆಸರುಗಳನ್ನೇ ಒಮ್ಮೆ ನಿಧಾನವಾಗಿ ಗಮನಿಸಿದರೆ ಮತ್ತೊಂದು ಸಂಗತಿಯೂ ತಿಳಿದುಬರುತ್ತದೆ. ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಮೇದರ ಕೇತಯ್ಯ, ಡೋಹರ ಕಕ್ಕಯ್ಯ, ಕದಿರ ರೆಮ್ಮವ್ವೆ: ಒಂದೊಂದು ಹೆಸರಿನೊಡನೆಯೂ ಒಂದೊಂದು ಕಸುಬು ಸೇರಿಕೊಂಡಿದೆ. ಹಗ್ಗ ಹೊಸೆಯುವವರು, ಬುಟ್ಟಿ ಹೆಣೆಯುವವರು, ತೊಗಲು ಹದಮಾಡುವವರು, ನೂಲು ತೆಗೆಯುವವರು ಸೇರಿ ಕಟ್ಟಿದ ಪಟ್ಟಣವದು. ಕಲ್ಯಾಣವು ಧರ್ಮಚಿಂತನೆಯ ನೆಲೆಯಾಗಿದ್ದಂತೆಯೇ ಕೈಯಿಂದ ವಸ್ತುಗಳನ್ನು ತಯಾರಿಸುವವರ ನೆಲೆಯೂ ಆಗಿತ್ತು.

ಅದೇ ನೆಲದಲ್ಲಿ ಇಂದು ಐ.ಟಿ.ಐ. ಮುಗಿಸಿದ ಮಗನಿಗೆ, ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಪಡೆದ ಮಗಳಿಗೆ ಎಲ್ಲಿ ಕೆಲಸ ದೊರೆಯುತ್ತದೆ? ಬಸವಕಲ್ಯಾಣ ಮತ್ತು ಹುಮನಾಬಾದ ತಾಲ್ಲೂಕುಗಳ ಯಾವ ಹಳ್ಳಿಯಲ್ಲಿ ಈ ಪ್ರಶ್ನೆ ಕೇಳಿದರೂ ಹೈದರಾಬಾದ, ಪುಣೆ, ಸೊಲ್ಲಾಪುರ, ಮುಂಬಯಿ, ಬೆಂಗಳೂರು ಎಂಬ ಉತ್ತರಗಳೇ ಬರುತ್ತವೆ. ಹಾಗೆಂದು ಈ ಭಾಗದಲ್ಲಿ ಕಾರ್ಖಾನೆಗಳೇ ಇಲ್ಲವೆನ್ನುವಂತಿಲ್ಲ. ಹುಮನಾಬಾದದ ಕೈಗಾರಿಕಾ ಪ್ರದೇಶದಲ್ಲಿ ಔಷಧ ಮತ್ತು ರಾಸಾಯನಿಕ ತಯಾರಿಕೆಯ ಘಟಕಗಳು ನಿಂತಿವೆ. ಊರಿನ ಅಂಚಿಗೆ ಕಾರ್ಖಾನೆ ಬಂದಿದ್ದರೂ ಊರಿನ ಮಕ್ಕಳು ಊರು ಬಿಡುವುದು ಏಕೆ ನಿಲ್ಲಲಿಲ್ಲ? ರಾಷ್ಟ್ರದ ಕೈಗಾರಿಕಾ ನೀತಿಯು ನಮ್ಮ ಜಿಲ್ಲೆಗೆ ಯಾವ ದಾರಿಯಿಂದ ಬಂದಿತು, ಏನನ್ನು ತಂದಿತು, ಏನನ್ನು ತರಲಿಲ್ಲ ಎಂಬುದನ್ನು ವಿಚಾರಿಸಿದರೆ ಈ ಪ್ರಶ್ನೆಗೆ ಉತ್ತರ ದೊರೆಯಬಹುದೆಂದು ನಾವು ಭಾವಿಸುತ್ತೇವೆ.

ರಾಜಧಾನಿಯ ಸುತ್ತ ಬೆಳೆದ ಕೈಗಾರಿಕೆ

ಬೀದರ ಜಿಲ್ಲೆಯು 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. 1956ರ ನವೆಂಬರ್ 1ರವರೆಗೆ ಹೈದರಾಬಾದ ರಾಜ್ಯದ ಭಾಗವಾಗಿತ್ತು. ನಿಜಾಮ ಸರ್ಕಾರವು ಕೈಗಾರಿಕೆಗೆ ಕೈ ಹಾಕಲಿಲ್ಲವೆಂದು ಹೇಳುವುದು ಸರಿಯಾಗದು. 1929ರಲ್ಲಿಯೇ ಕೈಗಾರಿಕೆಗಳಿಗೆ ಬಂಡವಾಳ ಒದಗಿಸಲು ಒಂದು ವಿಶ್ವಸ್ತ ನಿಧಿಯನ್ನು ಅದು ಸ್ಥಾಪಿಸಿತ್ತು. ಮುಂದೆ ಬೋಧನದಲ್ಲಿ ಸಕ್ಕರೆ ಕಾರ್ಖಾನೆ, ವರಂಗಲ್ಲಿನಲ್ಲಿ ಬಟ್ಟೆ ಗಿರಣಿ, ಹೈದರಾಬಾದ ನಗರದಲ್ಲಿ 1942ರಲ್ಲಿ ಆಲ್ವಿನ್ ಕಾರ್ಖಾನೆ, ಮರುವರ್ಷ ಪ್ರಾಗಾ ಟೂಲ್ಸ್ ಎದ್ದುನಿಂತವು. ಕನ್ನಡ ಭಾಗಕ್ಕೆ ದಕ್ಕಿದ್ದು ಕಲಬುರಗಿಯ ಬಟ್ಟೆ ಗಿರಣಿ, ಶಹಾಬಾದದ ಸಿಮೆಂಟು ಕಾರ್ಖಾನೆಗಳಂಥ ಕೆಲವು ಮಾತ್ರ. ಬೀದರ ಜಿಲ್ಲೆಯ ಪಾಲಿಗೆ ಜೋಳ, ತೊಗರಿ, ಉದ್ದು ಬೆಳೆದು ಕೊಡುವ ಕೆಲಸ ಉಳಿಯಿತು. ಬಿದರಿ ಕಲೆಯಂಥ ಉತ್ತಮ ಕಸುಬು ಇದ್ದರೂ ಅದು ಕೆಲವೇ ಮನೆತನಗಳ ಕೈಯಲ್ಲಿತ್ತು.

ಸ್ವಾತಂತ್ರ್ಯಾನಂತರ ದೆಹಲಿಯಲ್ಲಿ 1948 ಮತ್ತು 1956ರ ಕೈಗಾರಿಕಾ ನೀತಿ ನಿರ್ಣಯಗಳು ಹೊರಬಿದ್ದವು. ಎರಡನೆಯ ಪಂಚವಾರ್ಷಿಕ ಯೋಜನೆಯು ಯಂತ್ರ, ಉಕ್ಕು, ವಿದ್ಯುತ್ ಸಲಕರಣೆಗಳಂಥ ಮೂಲ ಕೈಗಾರಿಕೆಗಳಿಗೆ ಆದ್ಯತೆ ನೀಡಿತು. ಸರ್ಕಾರಿ ಉದ್ದಿಮೆಗಳ ದೊಡ್ಡ ಪಾಲು ಕೆಲವೇ ನಗರಗಳಿಗೆ ಸೇರಿತು. ಕರ್ನಾಟಕದಲ್ಲಿ ಆ ಭಾಗ್ಯ ಬೆಂಗಳೂರಿನದಾಯಿತು. ಎಚ್.ಎ.ಎಲ್. 1940ರಲ್ಲಿಯೇ ಆರಂಭವಾಗಿತ್ತು, 1948ರಲ್ಲಿ ಐ.ಟಿ.ಐ., 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಬಂದವು. ಇವುಗಳ ಸುತ್ತ ಬಿಡಿಭಾಗ ತಯಾರಿಸುವ ನೂರಾರು ಸಣ್ಣ ಉದ್ದಿಮೆಗಳು ಬೆಳೆದವು. ದೊಡ್ಡ ಕಾರ್ಖಾನೆಯಲ್ಲಿ ಕೆಲಸ ಕಲಿತ ಕುಶಲಕರ್ಮಿಯೇ ಮುಂದೆ ತನ್ನದೊಂದು ಲೇಥ್ ಯಂತ್ರ ಹಾಕಿಕೊಂಡು ಸ್ವಂತ ಉದ್ದಿಮೆ ಆರಂಭಿಸಿದ ಉದಾಹರಣೆಗಳು ಅಲ್ಲಿ ಹೇರಳ. ಈ ಸಂಗತಿಯನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಒಂದು ಕಾರ್ಖಾನೆಯಿಂದ ಊರಿಗೆ ದೊರೆಯುವ ದೊಡ್ಡ ಆಸ್ತಿಯೆಂದರೆ ಅದು ಕಲಿಸಿಕೊಡುವ ಕೆಲಸ.

ಬೀದರ ಜಿಲ್ಲೆಗೆ ಬೆಂಗಳೂರು ಬಹು ದೂರ. ಹತ್ತಿರದ ಮಹಾನಗರ ಹೈದರಾಬಾದ. ಹುಮನಾಬಾದದಿಂದ ಸುಮಾರು 150 ಕಿಲೋಮೀಟರ್ ದೂರದ ಆ ನಗರವು 1956ರಲ್ಲಿ ಬೇರೆ ರಾಜ್ಯದ ರಾಜಧಾನಿಯಾಯಿತು. ಆದುದರಿಂದ ನಮ್ಮ ಭಾಗದ ಕೈಗಾರಿಕಾ ಚರಿತ್ರೆ ವಿಚಿತ್ರವಾಗಿದೆ. ನಾವು ಸೇರಿದ ರಾಜ್ಯದ ಕೈಗಾರಿಕೆ ನಮ್ಮನ್ನು ಮುಟ್ಟಲಿಲ್ಲ. ನಾವು ಬಿಟ್ಟುಬಂದ ರಾಜಧಾನಿಯ ಕೈಗಾರಿಕೆ ಹೆದ್ದಾರಿ ಹಿಡಿದು ನಮ್ಮ ಕಡೆಗೆ ಬಂದಿತು.

ಔಷಧ ಬಂದ ದಾರಿ

ಪುಣೆಯಿಂದ ಸೊಲ್ಲಾಪುರ, ಹೈದರಾಬಾದ ಮಾರ್ಗವಾಗಿ ಮಚಲೀಪಟ್ಟಣಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿಯನ್ನು ಹಿರಿಯರೆಲ್ಲರೂ ಒಂಬತ್ತನೆಯ ನಂಬರಿನ ರಸ್ತೆಯೆಂದೇ ಬಲ್ಲರು. 2010ರ ನಂತರ ಅದರ ಸಂಖ್ಯೆ 65 ಆಗಿದೆ. ಬಸವಕಲ್ಯಾಣ ತಾಲ್ಲೂಕಿನ ಸಸ್ತಾಪುರ, ಹುಮನಾಬಾದ ಪಟ್ಟಣ ಎರಡೂ ಈ ರಸ್ತೆಯ ಮೇಲಿವೆ. ಹೈದರಾಬಾದದಿಂದ ಇದೇ ರಸ್ತೆಯಲ್ಲಿ ಹೊರಟರೆ ಮೊದಲು ರಾಮಚಂದ್ರಾಪುರದ ಬಿ.ಎಚ್.ಇ.ಎಲ್. ಕಾರ್ಖಾನೆ, ಬಳಿಕ ಪಟಾನ್‌ಚೆರು ಕೈಗಾರಿಕಾ ಪ್ರದೇಶ, ಆಮೇಲೆ ಸಂಗಾರೆಡ್ಡಿ, ಜಹೀರಾಬಾದ, ಕೊನೆಗೆ ಹುಮನಾಬಾದ.

ಈ ದಾರಿಯಲ್ಲಿ ಔಷಧ ಕೈಗಾರಿಕೆ ಬೆಳೆಯಲು ದೆಹಲಿಯ ಎರಡು ನಿರ್ಧಾರಗಳು ಕಾರಣವಾದವು. ಮೊದಲನೆಯದು 1961ರಲ್ಲಿ ಐ.ಡಿ.ಪಿ.ಎಲ್. ಎಂಬ ಸರ್ಕಾರಿ ಔಷಧ ಸಂಸ್ಥೆಯನ್ನು ಸ್ಥಾಪಿಸಿ, ಸೋವಿಯತ್ ನೆರವಿನಿಂದ ಅದರ ಒಂದು ಕಾರ್ಖಾನೆಯನ್ನು ಹೈದರಾಬಾದದಲ್ಲಿ ತೆರೆದುದು. ಎರಡನೆಯದು 1970ರ ಪೇಟೆಂಟ್ ಕಾಯಿದೆ. 1972ರಲ್ಲಿ ಜಾರಿಗೆ ಬಂದ ಈ ಕಾಯಿದೆಯು ಔಷಧವಸ್ತುವಿಗೆ ಪೇಟೆಂಟ್ ಕೊಡದೆ, ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಕೊಟ್ಟಿತು. ಹೀಗಾಗಿ ವಿದೇಶಿ ಕಂಪನಿಯೊಂದು ಕಂಡುಹಿಡಿದ ಔಷಧವನ್ನೇ ಬೇರೊಂದು ವಿಧಾನದಿಂದ ತಯಾರಿಸಿ ಮಾರಲು ನಮ್ಮ ದೇಶದ ಉದ್ಯಮಿಗೆ ಅವಕಾಶ ದೊರೆಯಿತು. ಐ.ಡಿ.ಪಿ.ಎಲ್.ನಲ್ಲಿ ಕೆಲಸ ಕಲಿತ ರಸಾಯನಶಾಸ್ತ್ರಜ್ಞರು ಹೊರಬಂದು ಸ್ವಂತ ಕಾರ್ಖಾನೆಗಳನ್ನು ತೆರೆದರು. 1984ರಲ್ಲಿ ಡಾ. ರೆಡ್ಡೀಸ್ ಪ್ರಯೋಗಾಲಯವನ್ನು ಸ್ಥಾಪಿಸಿದ ಅಂಜಿ ರೆಡ್ಡಿಯವರು ಇದೇ ಸಂಸ್ಥೆಯಲ್ಲಿ ದುಡಿದವರು. ಬೆಂಗಳೂರಿನಲ್ಲಿ ಯಂತ್ರೋಪಕರಣದ ವಿಷಯದಲ್ಲಿ ಆದುದು ಹೈದರಾಬಾದದಲ್ಲಿ ಔಷಧದ ವಿಷಯದಲ್ಲಿ ಆಯಿತು. ಸರ್ಕಾರಿ ಕಾರ್ಖಾನೆಯೊಂದು ಪಾಠಶಾಲೆಯಾಯಿತು.

ಈ ಕಾರ್ಖಾನೆಗಳಿಂದ ಹೊರಬರುವುದು ಅಂಗಡಿಯಲ್ಲಿ ದೊರೆಯುವ ಗುಳಿಗೆಯಲ್ಲ. ಗುಳಿಗೆಯೊಳಗೆ ರೋಗ ಗುಣಪಡಿಸುವ ಮೂಲ ಔಷಧ ಮತ್ತು ಅದನ್ನು ತಯಾರಿಸಲು ಬೇಕಾದ ರಾಸಾಯನಿಕಗಳು. ದೊಡ್ಡ ಉಕ್ಕಿನ ಪಾತ್ರೆಗಳಲ್ಲಿ ಹಂತಹಂತವಾಗಿ ಕುದಿಸಿ, ತಂಪಾಗಿಸಿ, ದ್ರಾವಕಗಳಲ್ಲಿ ಕರಗಿಸಿ, ಸೋಸಿ, ಒಣಗಿಸಿ ಇವುಗಳನ್ನು ಪಡೆಯುತ್ತಾರೆ. ಪ್ರತಿ ಹಂತದಲ್ಲೂ ಕೊಳೆ ನೀರು ಹೊರಬೀಳುತ್ತದೆ. ನಗರ ಬೆಳೆದು ಭೂಮಿಯ ಬೆಲೆ ಏರಿದಂತೆ, ಕೊಳೆ ನೀರಿನ ಬಗ್ಗೆ ಜನರು ದನಿಯೆತ್ತಿದಂತೆ, ಇಂಥ ಘಟಕಗಳು ಹೊಸ ಜಾಗ ಹುಡುಕುವುದು ಸಹಜ.

ಅತ್ತ ಹಿಂದುಳಿದ ಪ್ರದೇಶಗಳಿಗೆ ಕೈಗಾರಿಕೆ ಹರಡಬೇಕೆಂಬ ನೀತಿಯೂ ರೂಪುಗೊಂಡಿತ್ತು. 1971ರಲ್ಲಿ ಕೇಂದ್ರವು ಆಯ್ದ ಹಿಂದುಳಿದ ಜಿಲ್ಲೆಗಳಲ್ಲಿ ಬಂಡವಾಳ ಹೂಡುವವರಿಗೆ ಸಹಾಯಧನ ಕೊಡಲಾರಂಭಿಸಿತು. 1988ರಲ್ಲಿ ಅದನ್ನು ನಿಲ್ಲಿಸಿತು. ರಾಜ್ಯದಲ್ಲಿ 1966ರ ಕಾಯಿದೆಯಿಂದ ಹುಟ್ಟಿದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯು ಜಮೀನು ಸ್ವಾಧೀನಪಡಿಸಿಕೊಂಡು, ರಸ್ತೆ ಹಾಕಿಸಿ, ನಿವೇಶನಗಳನ್ನು ಹಂಚುತ್ತ ಬಂದಿತು. 1991ರ ಜುಲೈ 24ರ ಹೊಸ ಕೈಗಾರಿಕಾ ನೀತಿಯು ಬಹುಪಾಲು ಉದ್ದಿಮೆಗಳಿಗೆ ಲೈಸೆನ್ಸಿನ ಅಗತ್ಯವನ್ನೇ ತೆಗೆದುಹಾಕಿತು. ಇನ್ನು ಮುಂದೆ ಕಾರ್ಖಾನೆ ಎಲ್ಲಿಗೆ ಹೋಗಬೇಕೆಂಬುದನ್ನು ದೆಹಲಿಯ ಕಚೇರಿ ಹೇಳದೆ, ಜಮೀನಿನ ಬೆಲೆ, ರಸ್ತೆ, ರಿಯಾಯಿತಿಗಳು ಹೇಳತೊಡಗಿದವು. ಹುಮನಾಬಾದದಲ್ಲಿ ಈ ಮೂರೂ ಇದ್ದವು. ಕಲಬುರಗಿ, ವಿಜಯಪುರ, ಬೀದರಗಳ ರಸ್ತೆ ಬಂದು ಹೈದರಾಬಾದ ರಸ್ತೆಯನ್ನು ಕೂಡುವ ಸ್ಥಳವೂ ಅದೇ.

ಏನು ಬಂದಿತು, ಏನು ಬರಲಿಲ್ಲ

ಮೂಲ ಔಷಧದ ಕಾರ್ಖಾನೆಗೆ ಎರಡು ಬಗೆಯ ಜನ ಬೇಕು. ಮೊದಲನೆಯ ಬಗೆಯವರು ರಸಾಯನಶಾಸ್ತ್ರಜ್ಞರು, ಗುಣಮಟ್ಟ ಪರೀಕ್ಷಿಸುವವರು, ಬಾಯ್ಲರ್ ನಡೆಸುವವರು, ಯಂತ್ರ ದುರಸ್ತಿ ಮಾಡುವ ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್ನರು. ಇವರಿಗೆ ಅನುಭವ ಹೆಚ್ಚಿದಂತೆ ಸಂಬಳವೂ ಹೆಚ್ಚುತ್ತದೆ. ಎರಡನೆಯ ಬಗೆಯವರು ಡ್ರಮ್ಮು ಉರುಳಿಸುವ, ಚೀಲ ಹೊರುವ, ನೆಲ ತೊಳೆಯುವ ಗುತ್ತಿಗೆ ಕೂಲಿಕಾರರು. ಇವರ ಕೂಲಿ ಹತ್ತು ವರ್ಷದ ಬಳಿಕವೂ ಹೆಚ್ಚುಕಡಿಮೆ ಅಲ್ಲಿಯೇ ಇರುತ್ತದೆ. ತಯಾರಾದ ಕೈಗಳು ಸ್ಥಳದಲ್ಲಿ ಸಿಗದಿದ್ದರೆ ಮೊದಲನೆಯ ಬಗೆಯವರನ್ನು ಕಾರ್ಖಾನೆಯು ಹೊರಗಿನಿಂದ ಕರೆತರುತ್ತದೆ. ಎರಡನೆಯ ಬಗೆಯ ಕೆಲಸ ಮಾತ್ರ ಸ್ಥಳೀಯರಿಗೆ ಉಳಿಯುತ್ತದೆ. ಜಮೀನು ಕೊಟ್ಟ ರೈತನ ಮಗನು ಅದೇ ಜಮೀನಿನ ಮೇಲೆ ಕೂಲಿಯಾಗುವುದು ಇಂಥ ಸ್ಥಿತಿಯಲ್ಲಿಯೇ.

ಸಂವಿಧಾನದ 371 (ಜೆ) ವಿಧಿಯು ಇದಕ್ಕೆ ಪರಿಹಾರವಾಗುವುದೆಂದು ಹಲವರು ನಂಬಿದ್ದಾರೆ. 2012ರ ತಿದ್ದುಪಡಿಯಿಂದ ದೊರೆತ ಈ ವಿಶೇಷ ಸ್ಥಾನಮಾನವು ಸರ್ಕಾರಿ ನೌಕರಿಯಲ್ಲಿ ಹಾಗೂ ಶಿಕ್ಷಣ ಸಂಸ್ಥೆಗಳ ಪ್ರವೇಶದಲ್ಲಿ ನಮ್ಮ ಭಾಗಕ್ಕೆ ಪಾಲು ಕೊಟ್ಟಿದೆ. ಅದರಿಂದ ವೈದ್ಯರು, ಎಂಜಿನಿಯರುಗಳು, ಶಿಕ್ಷಕರು ಹೆಚ್ಚಾಗಿದ್ದಾರೆ. ಅದು ಸಂತೋಷದ ಸಂಗತಿ. ಆದರೆ ಖಾಸಗಿ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಅದು ಯಾರಿಗೂ ಕುರ್ಚಿ ಕಾದಿರಿಸುವುದಿಲ್ಲ. ಅಲ್ಲಿನ ಕುರ್ಚಿಯನ್ನು ಕೆಲಸ ಬಲ್ಲವನೇ ಪಡೆಯಬೇಕು.

ಇನ್ನು ನೀರಿನ ಮಾತು. ಬೀದರ–ಹುಮನಾಬಾದ ಭಾಗದ ಎತ್ತರದ ನೆಲವು ಜಂಬಿಟ್ಟಿಗೆಯಿಂದ ಕೂಡಿದ್ದು. ಈ ಕಲ್ಲು ರಂಧ್ರಮಯ. ಬಿದ್ದ ಮಳೆಯನ್ನು ಕುಡಿದು ಕೆಳಗೆ ಇಳಿಸುತ್ತದೆ. ಬಹಮನಿಗಳ ಕಾಲದ ಬೀದರದಲ್ಲಿ ಸುರಂಗ ಬಾವಿಗಳ ಕರೇಜ್ ವ್ಯವಸ್ಥೆ ಯಶಸ್ವಿಯಾದುದು ಈ ಗುಣದಿಂದಲೇ. ಒಳ್ಳೆಯ ನೀರನ್ನು ಇಳಿಸುವ ನೆಲವು ಕೆಟ್ಟ ನೀರನ್ನೂ ಇಳಿಸುತ್ತದೆ. ಹುಮನಾಬಾದದ ಕೈಗಾರಿಕಾ ಪ್ರದೇಶದ ಆಸುಪಾಸಿನ ಹಳ್ಳಿಗಳ ಜನರು ದುರ್ವಾಸನೆಯ ಬಗ್ಗೆ, ಬಾವಿಗಳ ನೀರು ಕೆಟ್ಟಿರುವ ಬಗ್ಗೆ ಹಲವು ವರ್ಷಗಳಿಂದ ದೂರುತ್ತ ಬಂದಿದ್ದಾರೆ.

ಇದೇ ರಸ್ತೆಯ ಪಟಾನ್‌ಚೆರು ನಮಗೆ ಕಣ್ಣೆದುರಿನ ಪಾಠ. ಅಲ್ಲಿ ಕಾರ್ಖಾನೆಗಳು ಬಂದ ನಂತರ ಕೆರೆ, ಹಳ್ಳ, ಗದ್ದೆಗಳು ಕೆಟ್ಟವು. ರೈತರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಪ್ರಕರಣವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 1994ರಲ್ಲಿ ಎಲ್ಲ ಕಾರ್ಖಾನೆಗಳ ಕೊಳೆ ನೀರನ್ನು ಒಂದೆಡೆ ಶುದ್ಧೀಕರಿಸುವ ಘಟಕ ಆರಂಭವಾಯಿತು. ಆದರೂ 2007ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಆ ಘಟಕದಿಂದ ಹೊರಬಂದ ನೀರನ್ನು ಪರೀಕ್ಷಿಸಿದಾಗ, ರೋಗಿಯ ರಕ್ತದಲ್ಲಿ ಇರುವುದಕ್ಕಿಂತಲೂ ಹೆಚ್ಚಿನ ಪ್ರಮಾಣದ ಪ್ರತಿಜೈವಿಕ ಔಷಧ ಅದರಲ್ಲಿ ಕಂಡುಬಂದಿತು. ಇಂಥ ನೀರಿನಲ್ಲಿ ಬೆಳೆಯುವ ರೋಗಾಣುಗಳು ಆ ಔಷಧಕ್ಕೆ ಬಗ್ಗದಂತಾಗುತ್ತವೆ. ಮೊದಲು ಕಾರ್ಖಾನೆ, ಆಮೇಲೆ ಶುದ್ಧೀಕರಣ ಎಂಬ ಕ್ರಮದ ಫಲವಿದು. ಈ ಕ್ರಮವು ನಮ್ಮಲ್ಲಿ ತಲೆಕೆಳಗಾಗಬೇಕು.

ರೈತರ ಕಾರ್ಖಾನೆ, ರಸ್ತೆಯ ಬದಿಯ ಕಾರ್ಖಾನೆ

ಹೊರಗಿನಿಂದ ಬಂದ ಕೈಗಾರಿಕೆಯ ಮಾತಾಯಿತು. ಈ ನೆಲದಲ್ಲಿಯೇ ಹುಟ್ಟಿದ ಎರಡು ಉದ್ದಿಮೆಗಳನ್ನೂ ನೋಡೋಣ.

ಹುಮನಾಬಾದ ತಾಲ್ಲೂಕಿನ ಹಳ್ಳಿಖೇಡ-ಬಿ ಗ್ರಾಮದ ಬಳಿಯ ಬೀದರ ಸಹಕಾರಿ ಸಕ್ಕರೆ ಕಾರ್ಖಾನೆಯನ್ನು ಅರಿಯದವರು ಜಿಲ್ಲೆಯಲ್ಲಿ ವಿರಳ. ಕಬ್ಬು ಬೆಳೆಯುವ ರೈತರೇ ಷೇರು ಹಾಕಿ ಕಟ್ಟಿದ ಸಂಸ್ಥೆಯದು. ಸಕ್ಕರೆ ಕಾರ್ಖಾನೆಯೊಂದು ನಡೆದರೆ ಅದರ ಹಿಂದೆ ಕಬ್ಬು ಕಡಿಯುವವರು, ಬಂಡಿ ಮತ್ತು ಟ್ರ್ಯಾಕ್ಟರಿನವರು, ಗ್ಯಾರೇಜಿನವರು, ಗೊಬ್ಬರದ ಅಂಗಡಿಯವರು, ಚಹಾದ ಹೋಟೆಲಿನವರು ಎಲ್ಲರೂ ಬದುಕುತ್ತಾರೆ. ಲಾಭದ ಹಣ ಊರಿನಲ್ಲಿಯೇ ತಿರುಗುತ್ತದೆ. ಹಲವು ದಶಕ ನಡೆದ ಈ ಕಾರ್ಖಾನೆಯು ಸಾಲದ ಹೊರೆಗೆ ಸಿಲುಕಿ ಇತ್ತೀಚಿನ ವರ್ಷಗಳಲ್ಲಿ ಕಬ್ಬು ನುರಿಸುವುದನ್ನು ನಿಲ್ಲಿಸಿತು. ಅದರೊಡನೆ ಕಾರ್ಮಿಕರ ಸಂಬಳವೂ ನಿಂತಿತು. ರೈತರು ದೂರದ ಕಾರ್ಖಾನೆಗಳನ್ನು ಹುಡುಕಿಕೊಂಡು ಹೋಗಬೇಕಾಯಿತು. ಸಕ್ಕರೆಯ ಬೆಲೆ ಇಳಿತ, ಬರಗಾಲ, ಹಳೆಯ ಯಂತ್ರ ಎಂಬ ಕಾರಣಗಳು ಎಲ್ಲ ಸಹಕಾರಿ ಕಾರ್ಖಾನೆಗಳಿಗೂ ಇವೆ. ಆದರೆ ಷೇರುದಾರನು ಚುನಾವಣೆಯ ದಿನ ಮಾತ್ರ ನೆನಪಾಗಿ, ಲೆಕ್ಕಪತ್ರದ ದಿನ ಮರೆತುಹೋಗುವ ಸಂಸ್ಥೆ ಬಾಳುವುದು ಕಷ್ಟವೆಂಬುದನ್ನೂ ನಾವು ಒಪ್ಪಲೇಬೇಕು. ನಮ್ಮ ಸಮಾಜದ ಅನೇಕರು ಇಂಥ ಸಂಸ್ಥೆಗಳ ಸದಸ್ಯರು. ವಾರ್ಷಿಕ ಸಭೆಗೆ ಹೋಗಿ ಎರಡು ಪ್ರಶ್ನೆ ಕೇಳಿಬರುವುದೂ ಕಾಯಕವೇ.

ಎರಡನೆಯದು ಬಸವಕಲ್ಯಾಣದ ಲಾರಿ ಉದ್ದಿಮೆ. ಹೆದ್ದಾರಿಯ ಆಸರೆಯಲ್ಲಿ ಇಲ್ಲಿ ಲಾರಿಗಳ ಕೊಳ್ಳುವಿಕೆ, ಮಾರಾಟ, ದುರಸ್ತಿ, ಬಾಡಿ ಕಟ್ಟುವ ಕೆಲಸ, ಬಿಡಿಭಾಗಗಳ ವ್ಯಾಪಾರ ಬೆಳೆದಿವೆ. ಯಾವ ಪಂಚವಾರ್ಷಿಕ ಯೋಜನೆಯೂ ಇದನ್ನು ಬಸವಕಲ್ಯಾಣಕ್ಕೆ ಕಳುಹಿಸಲಿಲ್ಲ. ಮೇಸ್ತ್ರಿಯ ಕೈಕೆಳಗೆ ಹುಡುಗನೊಬ್ಬ ಪಾನಾ ಹಿಡಿದು ಕಲಿತು, ಮುಂದೆ ತಾನೇ ಮೇಸ್ತ್ರಿಯಾಗುವ ರೀತಿಯಲ್ಲಿ ಇದು ಬೆಳೆಯಿತು. ಎಲ್ಲ ಜಾತಿ, ಮತಗಳ ಜನ ಇಲ್ಲಿ ಒಂದೇ ಲಾರಿಯ ಕೆಳಗೆ ಮಲಗಿ ಕೆಲಸ ಮಾಡುತ್ತಾರೆ. ಕಸುಬು ಕಲಿಸುವ, ಹಣವನ್ನು ಊರಲ್ಲಿಯೇ ತಿರುಗಿಸುವ ಎರಡು ಗುಣಗಳೂ ಈ ಉದ್ದಿಮೆಗಿವೆ.

ಆದರೆ ಕಾಲ ಬದಲಾಗುತ್ತಿದೆ. 2021ರಲ್ಲಿ ಕೇಂದ್ರವು ಹಳೆಯ ವಾಹನಗಳನ್ನು ಕಳಚುವ ನೀತಿಯನ್ನು ಪ್ರಕಟಿಸಿತು. ಅದರಂತೆ ನೋಂದಾಯಿತ ಕೇಂದ್ರಗಳಲ್ಲಿ ಮಾತ್ರ, ಎಣ್ಣೆ ಮತ್ತು ಬ್ಯಾಟರಿಯ ವಿಷ ನೆಲಕ್ಕಿಳಿಯದ ಹಾಗೆ, ಈ ಕೆಲಸ ನಡೆಯಬೇಕು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಸರಕು ವಾಹನಗಳಲ್ಲಿ ಚಾಲಕನ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾಗಿದೆ. ಬಾಡಿ ಕಟ್ಟುವುದಕ್ಕೂ ಮಾನದಂಡಗಳು ಬಂದಿವೆ. ಎಂಜಿನ್ನಿನಲ್ಲಿ ಕಂಪ್ಯೂಟರ್ ಸೇರಿಕೊಂಡಿದೆ. ಕಿವಿಯಿಂದ ಎಂಜಿನ್ನಿನ ಸದ್ದು ಕೇಳಿ ದೋಷ ಹೇಳುವ ಮೇಸ್ತ್ರಿಯ ಮಗನು ಡಿಪ್ಲೊಮಾ ಕಲಿತು ಅದೇ ಗ್ಯಾರೇಜಿಗೆ ಮರಳಿದರೆ ಈ ಉದ್ದಿಮೆ ಉಳಿದು ಬೆಳೆಯುತ್ತದೆ. ಮರಳದಿದ್ದರೆ ಈ ಕೆಲಸ ದೊಡ್ಡ ಕಂಪನಿಗಳ ಪಾಲಾಗುತ್ತದೆ.

ಮತ್ತೊಮ್ಮೆ ಬಂದಿರುವ ಅವಕಾಶ

ದೆಹಲಿಯ ನೀತಿ ಈಗ ಮತ್ತೆ ತಯಾರಿಕೆಯ ಕಡೆಗೆ ತಿರುಗಿದೆ. 2011ರ ರಾಷ್ಟ್ರೀಯ ತಯಾರಿಕಾ ನೀತಿಯು ಹತ್ತು ವರ್ಷಗಳಲ್ಲಿ ದೇಶದ ಉತ್ಪನ್ನದಲ್ಲಿ ತಯಾರಿಕೆಯ ಪಾಲನ್ನು ಶೇಕಡ 25ಕ್ಕೆ ಏರಿಸಿ, 10 ಕೋಟಿ ಉದ್ಯೋಗ ಸೃಷ್ಟಿಸುವ ಗುರಿ ಇಟ್ಟುಕೊಂಡಿತ್ತು. 2014ರ ಸೆಪ್ಟೆಂಬರಿನಲ್ಲಿ ‘ಮೇಕ್ ಇನ್ ಇಂಡಿಯಾ’ ಘೋಷಣೆಯಾಯಿತು. ಆ ಗುರಿ ಈಡೇರಲಿಲ್ಲ; ಹತ್ತು ವರ್ಷ ಕಳೆದರೂ ತಯಾರಿಕೆಯ ಪಾಲು ಶೇಕಡ 17ರ ಆಸುಪಾಸಿನಲ್ಲಿಯೇ ಉಳಿಯಿತು. 2020ರಲ್ಲಿ ಕೊರೋನಾ ಬಂದಾಗ ದೇಶಕ್ಕೆ ಇನ್ನೊಂದು ಸತ್ಯ ಅರಿವಾಯಿತು. ಜಗತ್ತಿಗೆ ಗುಳಿಗೆ ಒದಗಿಸುವ ನಮ್ಮ ದೇಶವು ಮೂಲ ಔಷಧದ ಆಮದಿನಲ್ಲಿ ಸುಮಾರು ಮೂರನೆಯ ಎರಡು ಭಾಗಕ್ಕೆ ಚೀನಾವನ್ನು ಅವಲಂಬಿಸಿತ್ತು. ಆ ವರ್ಷವೇ ಕೇಂದ್ರವು ಮೂಲ ಔಷಧಗಳ ಉತ್ಪಾದನೆಗೆ 6,940 ಕೋಟಿ ರೂಪಾಯಿಗಳ ಪ್ರೋತ್ಸಾಹ ಯೋಜನೆಯನ್ನೂ, ಮೂರು ಔಷಧ ಪಾರ್ಕುಗಳಿಗೆ 3,000 ಕೋಟಿಯ ಯೋಜನೆಯನ್ನೂ ಪ್ರಕಟಿಸಿತು. ಆ ಪಾರ್ಕುಗಳು ಹಿಮಾಚಲ ಪ್ರದೇಶ, ಗುಜರಾತ್, ಆಂಧ್ರಪ್ರದೇಶಗಳಿಗೆ ಹೋದವು. ಕರ್ನಾಟಕಕ್ಕೆ ಒಂದೂ ದೊರೆಯಲಿಲ್ಲ.

ನಮಗೆ ಇನ್ನೂ ಸಮೀಪದ ಸುದ್ದಿಯೊಂದಿದೆ. 2024ರ ಆಗಸ್ಟ್ 28ರಂದು ಕೇಂದ್ರ ಸಚಿವ ಸಂಪುಟವು ದೇಶದಲ್ಲಿ 12 ಹೊಸ ಕೈಗಾರಿಕಾ ನಗರಗಳಿಗೆ ಒಪ್ಪಿಗೆ ನೀಡಿತು. ಅವುಗಳಲ್ಲಿ ಜಹೀರಾಬಾದವೂ ಒಂದು. ಹುಮನಾಬಾದದಿಂದ ಅದು ಹೆಚ್ಚುಕಡಿಮೆ ಒಂದು ಗಂಟೆಯ ದಾರಿ. 1980ರ ದಶಕದಲ್ಲಿ ಆಲ್ವಿನ್–ನಿಸಾನ್ ವಾಹನಗಳ ಕಾರ್ಖಾನೆ ಬಂದಂದಿನಿಂದ ಜಹೀರಾಬಾದಕ್ಕೆ ವಾಹನ ತಯಾರಿಕೆಯ ಅನುಭವವಿದೆ. ಈಗ ಅಲ್ಲಿ ಮಹೀಂದ್ರಾ ಟ್ರ್ಯಾಕ್ಟರುಗಳು ತಯಾರಾಗುತ್ತವೆ. ಇತ್ತ 2017ರ ಅಕ್ಟೋಬರ್ 29ರಂದು 110 ಕಿಲೋಮೀಟರಿನ ಬೀದರ–ಕಲಬುರಗಿ ರೈಲು ಮಾರ್ಗ ಉದ್ಘಾಟನೆಯಾಗಿ ಹುಮನಾಬಾದ ರೈಲಿನ ಊರಾಯಿತು. ಬಸವಕಲ್ಯಾಣ ನಗರಕ್ಕೆ ಮಾತ್ರ ಇನ್ನೂ ರೈಲು ಬಂದಿಲ್ಲ.

ಜಹೀರಾಬಾದ ಬೆಳೆದಂತೆ ಅದರ ಅಲೆ ಹುಮನಾಬಾದ, ಬಸವಕಲ್ಯಾಣಗಳಿಗೂ ಬರುವುದು ನಿಶ್ಚಯ. ಆಗ ಎರಡು ದಾರಿಗಳಿವೆ. ಹಿಂದಿನಂತೆ ಅಗ್ಗದ ಜಮೀನು, ಅಗ್ಗದ ನೀರು, ಅಗ್ಗದ ಕೂಲಿ ಕೊಟ್ಟು ಇತರರಿಗೆ ಬೇಡವಾದ ಕೆಲಸವನ್ನು ಪಡೆಯುವುದು ಒಂದು. ಬಿಡಿಭಾಗ ತಯಾರಿಸಬಲ್ಲ ಸಣ್ಣ ಉದ್ದಿಮೆಗಳನ್ನೂ ಯಂತ್ರ ನಡೆಸಬಲ್ಲ ಯುವಕ ಯುವತಿಯರನ್ನೂ ಈಗಲೇ ಸಿದ್ಧಪಡಿಸುವುದು ಇನ್ನೊಂದು.

ನಮ್ಮ ಮನೆಗಳಿಂದ ಆರಂಭ

ಎರಡನೆಯ ದಾರಿ ಹಿಡಿಯಲು ಸರ್ಕಾರದ ಕಡೆಗೆ ನೋಡುವ ಮೊದಲು ನಮ್ಮ ಮನೆಗಳ ಕಡೆಗೆ ನೋಡುವುದು ಯುಕ್ತ. ಕಾಯಕವೇ ಕೈಲಾಸವೆಂದು ಮನೆಯ ಗೋಡೆಗೆ ಹಾಕಿಕೊಂಡಿರುವ ನಾವು ಮಕ್ಕಳ ವಿಷಯ ಬಂದಾಗ ಯಾವ ಕಾಯಕವನ್ನು ಬಯಸುತ್ತೇವೆ? ಮೊದಲು ಸರ್ಕಾರಿ ನೌಕರಿ. ಅದಿಲ್ಲವಾದರೆ ಮೇಜು ಕುರ್ಚಿಯ ಕೆಲಸ. ಕೈಗೆ ಎಣ್ಣೆ ಹತ್ತುವ ಕೆಲಸವೆಂದರೆ ಕನ್ಯೆ ಕೊಡಲು ಹಿಂಜರಿಯುವ ಮನೆಗಳು ಈಗಲೂ ಇವೆ. ಹೊಲ ಮಾರಿಯಾದರೂ ಎಂಜಿನಿಯರಿಂಗ್ ಓದಿಸಿ, ಮಗ ನಾಲ್ಕು ವರ್ಷ ಕೆಲಸವಿಲ್ಲದೆ ಕುಳಿತರೂ ಸಹಿಸುತ್ತೇವೆ, ಐ.ಟಿ.ಐ. ಸೇರಿಸಲು ನಾಚುತ್ತೇವೆ. ತೊಗಲು ಹದಮಾಡಿದ ಕಕ್ಕಯ್ಯನವರನ್ನು ಶರಣನೆಂದು ಪೂಜಿಸುವ ಸಮಾಜಕ್ಕೆ ಈ ನಾಚಿಕೆ ಒಪ್ಪುವಂಥದಲ್ಲ.

ಹುಮನಾಬಾದದಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಸಂಸ್ಥೆಯ, ಅಂದರೆ ಜಿ.ಟಿ.ಟಿ.ಸಿ.ಯ ಕೇಂದ್ರವಿದೆ. 1972ರಲ್ಲಿ ಡೆನ್ಮಾರ್ಕ್ ದೇಶದ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದ ಈ ಸಂಸ್ಥೆಯಲ್ಲಿ ಅಚ್ಚು ಮತ್ತು ಉಪಕರಣಗಳನ್ನು ತಯಾರಿಸುವ ವಿದ್ಯೆಯನ್ನು ಯಂತ್ರದ ಮುಂದೆಯೇ ನಿಲ್ಲಿಸಿ ಕಲಿಸುತ್ತಾರೆ. ಎಸ್.ಎಸ್.ಎಲ್.ಸಿ. ಮುಗಿದೊಡನೆ ಇದಕ್ಕೆ ಸೇರಬಹುದು. 1961ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ ಕಾರ್ಖಾನೆಗಳು ನಿಗದಿತ ಪ್ರಮಾಣದಲ್ಲಿ ಅಭ್ಯಾಸಿಗಳನ್ನು ಭತ್ಯೆ ಕೊಟ್ಟು ಕಲಿಸಬೇಕು. ಹುಮನಾಬಾದದ ಘಟಕಗಳಲ್ಲಿ ಎಷ್ಟು ಮಂದಿ ಸ್ಥಳೀಯ ಅಭ್ಯಾಸಿಗಳಿದ್ದಾರೆಂದು ಕೇಳುವ ಹಕ್ಕು ಪಾಲಕರಿಗಿದೆ, ಜನಪ್ರತಿನಿಧಿಗಳಿಗೂ ಇದೆ. ಔಷಧ ಕಾರ್ಖಾನೆಯ ಗುಣಮಟ್ಟ ಪರೀಕ್ಷೆಯ ಕೆಲಸ ವಿಜ್ಞಾನ ಓದಿದ ಹೆಣ್ಣುಮಕ್ಕಳಿಗೆ ಚೆನ್ನಾಗಿ ಹೊಂದುತ್ತದೆ. ಊರಿನ ಮಗ್ಗುಲಲ್ಲೇ ಅದು ದೊರೆಯುವುದಾದರೆ ದೂರದ ನಗರಕ್ಕೆ ಮಗಳನ್ನು ಹೇಗೆ ಕಳುಹಿಸುವುದೆಂಬ ತಾಯಂದಿರ ಚಿಂತೆಗೂ ಪರಿಹಾರವಾಗುತ್ತದೆ.

ಮಠಗಳು ಮತ್ತು ಸಮಾಜದ ವಿದ್ಯಾಸಂಸ್ಥೆಗಳ ಹೊಣೆಯೂ ದೊಡ್ಡದು. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು ಈ ಜಿಲ್ಲೆಯವರು. ಬಸವಕಲ್ಯಾಣದ ಅನುಭವ ಮಂಟಪದ ನಿರ್ಮಾಣಕ್ಕೆ ದುಡಿದವರೂ ಅವರೇ. ಆ ಕಾಲಕ್ಕೆ ಅಕ್ಷರ ಬೇಕಾಗಿತ್ತು. ಅವರು ಅಕ್ಷರ ಕೊಟ್ಟರು. ಈ ಕಾಲಕ್ಕೆ ಕೌಶಲವೂ ಬೇಕಾಗಿದೆ. ಪ್ರಸಾದ ನಿಲಯದ ಪಕ್ಕದಲ್ಲಿ ಒಂದು ಕಾರ್ಯಾಗಾರ, ಬೇಸಿಗೆ ರಜೆಯಲ್ಲಿ ವೆಲ್ಡಿಂಗ್, ವೈರಿಂಗ್, ವಾಹನ ದುರಸ್ತಿಯ ತರಗತಿ ನಡೆಸಲು ಕೋಟಿಗಟ್ಟಲೆ ಹಣ ಬೇಕಾಗುವುದಿಲ್ಲ. 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾದ ನೂತನ ಅನುಭವ ಮಂಟಪವನ್ನು ನೋಡಲು ಬರುವ ಯಾತ್ರಿಕರಿಗೆ ಈ ಊರಿನ ಮಕ್ಕಳು ತಯಾರಿಸಿದ ವಸ್ತುಗಳೂ ಕಾಣಸಿಗುವಂತಾದರೆ ಅದು ಕಲ್ಯಾಣಕ್ಕೆ ತಕ್ಕ ಶೋಭೆ.

ಸಣ್ಣ ಬಂಡವಾಳದ ಉದ್ದಿಮೆಗಳನ್ನೂ ಮರೆಯುವಂತಿಲ್ಲ. ಹೊಲದ ತೊಗರಿ, ಉದ್ದು, ಸೋಯಾಬೀನ್ ಕಚ್ಚಾ ಧಾನ್ಯವಾಗಿಯೇ ಜಿಲ್ಲೆಯ ಗಡಿ ದಾಟುತ್ತಿರುವಾಗ ಅದರ ಬೇಳೆ, ಹಿಟ್ಟು, ಎಣ್ಣೆಯ ಲಾಭ ಬೇರೆಯವರದಾಗುತ್ತದೆ. 2020ರಲ್ಲಿ ಆರಂಭವಾದ ಕಿರು ಆಹಾರ ಸಂಸ್ಕರಣೆಯ ಕೇಂದ್ರ ಯೋಜನೆಯಲ್ಲಿ ಬೀದರ ಜಿಲ್ಲೆಗೆ ಶುಂಠಿಯನ್ನು ಗೊತ್ತುಪಡಿಸಲಾಗಿದೆ. ಮಹಿಳಾ ಸ್ವಸಹಾಯ ಗುಂಪುಗಳನ್ನು ಬ್ಯಾಂಕಿನೊಡನೆ ಜೋಡಿಸುವುದರಲ್ಲಿ ಬೀದರ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು ಹಿಂದೆಯೇ ಹೆಸರು ಪಡೆದಿತ್ತು. ಉಳಿತಾಯ ಕಲಿತ ಆ ಗುಂಪುಗಳು ಈಗ ಬೇಳೆ ಮಾಡುವ, ಶುಂಠಿ ಒಣಗಿಸುವ ಯಂತ್ರದತ್ತ ಹೆಜ್ಜೆ ಇಡಬಹುದು.

ದಾಸೋಹದ ಲೆಕ್ಕ

ಆಯ್ದಕ್ಕಿ ಮಾರಯ್ಯ ದಂಪತಿಗಳ ಕಥೆ ನಮ್ಮ ಮನೆಗಳ ಮಕ್ಕಳಿಗೂ ಗೊತ್ತು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕ. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಅದನ್ನು ಒಪ್ಪಲಿಲ್ಲ; ಹೆಚ್ಚಾದುದನ್ನು ತೆಗೆದುಕೊಂಡಲ್ಲಿಯೇ ಹಾಕಿಬರುವಂತೆ ಹೇಳಿದರು. ದುಡಿಮೆಗೆ ಎಷ್ಟು ಗೌರವವೋ ಅಷ್ಟೇ ಗೌರವ ಅಗತ್ಯಕ್ಕಿಂತ ಹೆಚ್ಚು ತೆಗೆದುಕೊಳ್ಳದಿರುವುದಕ್ಕೂ ಇತ್ತು. ಇಂದಿನ ಕಾರ್ಖಾನೆಗೂ ಈ ಲೆಕ್ಕವನ್ನು ಅನ್ವಯಿಸಬಹುದು. ಊರಿನಿಂದ ಎಷ್ಟು ನೀರು ತೆಗೆದುಕೊಂಡಿತು, ಹೇಗೆ ಹಿಂದಿರುಗಿಸಿತು? ಎಷ್ಟು ಎಕರೆ ಪಡೆಯಿತು, ಎಷ್ಟು ಮಂದಿಗೆ ಕೆಲಸ ಕಲಿಸಿತು? ಗ್ರಾಮಸಭೆಯಲ್ಲಿ ಈ ಎರಡು ಪ್ರಶ್ನೆಗಳನ್ನು ಪ್ರತಿವರ್ಷ ಕೇಳಿ, ಉತ್ತರವನ್ನು ನಡವಳಿಯಲ್ಲಿ ಬರೆಯಿಸಿದರೆ ಸಾಕು. ಉದ್ಯಮಿಯೂ ಎಚ್ಚರಗೊಳ್ಳುತ್ತಾನೆ, ಅಧಿಕಾರಿಯೂ ಎಚ್ಚರಗೊಳ್ಳುತ್ತಾನೆ. ಪ್ರಾಮಾಣಿಕವಾಗಿ ನಡೆಸುವ ಉದ್ಯಮಿಗೆ ಇದರಿಂದ ಭಯವಿಲ್ಲ. ಅಂಥವನಿಗೆ ಊರೇ ಬೆಂಬಲವಾಗಿ ನಿಲ್ಲುತ್ತದೆ.

2011ರ ಜನಗಣತಿಯ ಪ್ರಕಾರ ಬೀದರ ಜಿಲ್ಲೆಯಲ್ಲಿ 17 ಲಕ್ಷಕ್ಕೂ ಹೆಚ್ಚು ಜನರಿದ್ದರು. ಇಷ್ಟು ಮಂದಿಗೆ ಸರ್ಕಾರಿ ನೌಕರಿಯೂ ಸಾಲದು, ಹಂಚಿ ಹೋಗಿ ತುಂಡಾದ ಹೊಲವೂ ಸಾಲದು. ತಯಾರಿಕೆಯ ಉದ್ದಿಮೆ ಬೇಕೇ ಬೇಕು. ಕಾರ್ಖಾನೆಯನ್ನು ಹೆದ್ದಾರಿಯವರೆಗೆ ತರಲು ದೆಹಲಿ, ಬೆಂಗಳೂರುಗಳ ನೀತಿಗೆ ಶಕ್ತಿಯಿದೆ. ಅಲ್ಲಿಂದ ಮನೆಯವರೆಗೆ ಅದರ ಫಲವನ್ನು ತರುವುದು ನಮ್ಮ ಮಕ್ಕಳ ಕೈಯ ಕಸುಬು ಮತ್ತು ನಮ್ಮೆಲ್ಲರ ಎಚ್ಚರ. ಈ ಬಾರಿ ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದು ಮಕ್ಕಳನ್ನು ಮುಂದೆ ಎಲ್ಲಿಗೆ ಸೇರಿಸಬೇಕೆಂಬ ಮಾತು ಮನೆಯಲ್ಲಿ ಬಂದಾಗ, ಕಾಲೇಜುಗಳ ಹೆಸರಿನೊಡನೆ ಹುಮನಾಬಾದದ ತರಬೇತಿ ಕೇಂದ್ರದ ಹೆಸರನ್ನೂ ಆ ಮಾತಿನಲ್ಲಿ ಸೇರಿಸಿಕೊಳ್ಳಬೇಕೆಂದು ನಮ್ಮ ಓದುಗ ಬಂಧುಗಳಲ್ಲಿ ವಿನಂತಿಸುತ್ತೇವೆ.